ಬೆಲೆ ಬಂದ ವರ್ಷದ ಕಾರು

2024-25ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಕೆಲವು ಸದಸ್ಯರ ಕಣ್ಣು ಬಿ.ಎಂ.ಡಬ್ಲ್ಯು. 3 ಸೀರೀಸ್ ಕಾರಿನ ಮೇಲೆ ಬಿದ್ದಿದೆ. 2007ರಿಂದ ಚೆನ್ನೈ ಬಳಿಯೇ ಜೋಡಣೆಯಾಗುತ್ತಿರುವ ಈ ಗಾಡಿಯ ಓಟ, ಹಿಡಿತ ಮೆಚ್ಚತಕ್ಕದ್ದೇ.

ಹೊಸದರ ಬೆಲೆ ಮೊದಲ ವರ್ಷಗಳಲ್ಲೇ ಬೇಗ ಇಳಿಯುವುದರಿಂದ ಹಳೆಯದು ಅಗ್ಗವೆನಿಸುತ್ತದೆ. ಆದರೆ ಬಿಡಿಭಾಗಗಳ ಬೆಲೆ ಹೊಸ ಕಾರಿನದೇ. ತಳವೂ ತಗ್ಗು, ತೋಟದ ದಾರಿಯ ಕಲ್ಲು ಬಿಡುವುದಿಲ್ಲ.

ಕೊಳ್ಳುವುದೇ ಆದರೆ ಸರ್ವೀಸ್ ದಾಖಲೆ ನೋಡಿ, ಗಾಡಿಯನ್ನು ಮೇಲೆತ್ತಿಸಿ ತಳ ಪರೀಕ್ಷಿಸಿ. ಹೊರರಾಜ್ಯದ್ದಾದರೆ ನಿರಾಕ್ಷೇಪಣಾ ಪತ್ರ ಪಡೆಯಿರಿ. ನಮ್ಮ ರಾಜ್ಯದ ಆಜೀವ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟು ಏರಿದ ಬೆಲೆ 2001ರ ಹೊತ್ತಿಗೆ ನೆಲ ಕಚ್ಚಿತ್ತು. ಆದುದರಿಂದ ಗೊಬ್ಬರ, ಕೂಲಿ, ಸಂಘದ ಸಾಲದ ಕಂತು ತೆಗೆದಿಟ್ಟು ಉಳಿದ ಹಣದಲ್ಲಷ್ಟೇ ಕಾರು ಕೊಳ್ಳುವುದು ಲೇಸು.

– ಕಾರ್ಯದರ್ಶಿ