ರಜೆಗೆ ಗೋವೆಯೇ ಆಗಬೇಕೆ?

ಬೇಸಿಗೆ ರಜೆ ಬಂತೆಂದರೆ ಚೆನ್ನೈ ಕನ್ನಡಿಗರ ಮನೆಗಳಲ್ಲಿ ಒಂದೇ ಜಪ: ಗೋವೆ, ಇಲ್ಲವೇ ಪುದುಚೇರಿ. ಮಾಜಾಳಿಯಿಂದ ತಲಪಾಡಿಯವರೆಗೆ 300 ಕಿಲೋಮೀಟರಿಗೂ ಮಿಕ್ಕ ಕಡಲತೀರ ನಮ್ಮ ನಾಡಿಗಿರುವುದು ಮರೆತೇ ಹೋಯಿತೆ? ಬಂಗಾಳದ ರವೀಂದ್ರನಾಥ ಠಾಕೂರರು 1883ರಲ್ಲೇ ಕಾರವಾರದ ಕಡಲಿಗೆ ಮನಸೋತಿದ್ದರು!

ದೂರವೆಂಬ ನೆಪ ಬೇಡ. ರಾತ್ರಿ ಸೆಂಟ್ರಲ್‌ನಲ್ಲಿ ಮಂಗಳೂರು ಮೇಲ್ ಹತ್ತಿದರೆ ಮರುದಿನ ಮಂಗಳೂರು. ಅಲ್ಲಿಂದ ಮಲ್ಪೆ, ಮರವಂತೆ, ಮುರ್ಡೇಶ್ವರ, ಗೋಕರ್ಣಗಳಿಗೆ ಬಸ್ಸಿನಲ್ಲೇ ಸಾಗಬಹುದು. ಜೂನ್ ಹಿಡಿದರೆ ಕಡಲು ಕೆರಳುತ್ತದೆ. ಮೇ ಮುಗಿಯುವುದರೊಳಗೆ ಹೊರಡಿ.

"ಅಲ್ಲಿ ತುಳು, ಕೊಂಕಣಿ ತಾನೆ?" ಎನ್ನುವಿರಾ? ಅದಕ್ಕಾಗಿಯೇ ಹೋಗಬೇಕು. ಮನೆಮಾತು ಬೇರೆಯಾದರೂ ಕನ್ನಡವನ್ನು ಕೈಬಿಡದವರು ಅವರು; ಮನೆಮಾತೇ ಕನ್ನಡವಾಗಿದ್ದೂ ಕೈಬಿಡುತ್ತಿರುವವರು ನಾವು. ನಮ್ಮ ಮಕ್ಕಳು ಅಲ್ಲಿ ಎಳನೀರಿನ ಬೆಲೆಯನ್ನಾದರೂ ಕನ್ನಡದಲ್ಲಿ ಕೇಳಲಿ.