ಷಟರ್ ಎಳೆದ ಮಾತ್ರಕ್ಕೆ ಅಂಗಡಿ ಖಾಲಿಯಲ್ಲ

ಹೋದ ಭಾನುವಾರ ಹಲಸೂರಿನ ಮಾವನ ಮನೆಗೆ ಹೋಗಿದ್ದೆ. ಕೂರುವಷ್ಟರಲ್ಲೇ ಲ್ಯಾಬ್ ರಿಪೋರ್ಟ್ ಕೈಗಿಟ್ಟರು. "ನೋಡೋ, 42 ಇದ್ದ ಪಿಎಸ್ಎ 0.3ಕ್ಕೆ ಬಂದಿದೆ. ಕಾಯಿಲೆ ಹೋಯ್ತು. ಇನ್ನು ಈ ಮಾತ್ರೆ, ಇಂಜೆಕ್ಷನ್ ಎಲ್ಲಾ ಯಾಕೆ?"

ಮಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ಅವರ ಖುಷಿಗೆ ತಣ್ಣೀರು ಎರಚೋಕೆ ಮನಸ್ಸಾಗಲಿಲ್ಲ. ಸುಮ್ಮನಿರೋಕೂ ಆಗಲಿಲ್ಲ.

ಪಿಎಸ್ಎ ಒಂದು ಪ್ರೋಟೀನು. ಅದು ತಯಾರಾಗೋದು ಕೆಎಲ್‌ಕೆ3 ಅನ್ನೋ ಜೀನ್‌ನಿಂದ. ಗಂಡಸರ ಹಾರ್ಮೋನು ಪ್ರಾಸ್ಟೇಟ್ ಕೋಶದ ಆಂಡ್ರೋಜನ್ ರಿಸೆಪ್ಟರಿಗೆ ಅಂಟಿಕೊಂಡರೆ, ಆ ರಿಸೆಪ್ಟರ್ ಡಿಎನ್ಎ ಮೇಲೆ ಹೋಗಿ ಕೂತು ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತೆ. ಕೆಎಲ್‌ಕೆ3 ಅದರಲ್ಲೊಂದು. ಇಂಜೆಕ್ಷನ್ ಹಾರ್ಮೋನು ತಗ್ಗಿಸುತ್ತೆ. ಬೈಕಾಲುಟಮೈಡ್, ಎಂಜಲುಟಮೈಡ್‌ನಂಥ ಮಾತ್ರೆಗಳು ಹಾರ್ಮೋನು ಕೂರೋ ಜಾಗವನ್ನೇ ಹಿಡಿದುಬಿಡುತ್ತವೆ. ಆ ಜೀನ್‌ಗಳು ತೆಪ್ಪಗಾಗುತ್ತವೆ.

ಅಂದರೆ ಪಿಎಸ್ಎ ಇಳಿಯೋಕೆ ಎರಡು ಕಾರಣ. ಒಂದಷ್ಟು ಕೋಶ ಸತ್ತಿವೆ, ಉಳಿದವು ಬಾಯಿ ಮುಚ್ಚಿಕೊಂಡಿವೆ. ಯಾವುದು ಎಷ್ಟು ಅಂತ ಆ ಅಂಕಿ ಹೇಳೋಲ್ಲ. ರಸೆಲ್ ಮಾರ್ಕೆಟ್ ಹತ್ತಿರ ಅಂಗಡಿ ಷಟರ್ ಎಳೆದಿದ್ದರೆ, ಅವನು ಖಾಲಿ ಮಾಡಿಕೊಂಡು ಹೋದ ಅಂತೀವಾ?

ಷಟರ್ ಒಳಗೆ ಕೆಲಸ ನಡೀತಿರಬಹುದು. ಕೆಲವು ಕೋಶಗಳು ರಿಸೆಪ್ಟರಿನ ಜೀನನ್ನೇ ಹತ್ತಾರು ಪ್ರತಿ ಮಾಡಿಕೊಳ್ಳುತ್ತವೆ. ಇನ್ನು ಕೆಲವು ಎಆರ್-ವಿ7 ಅನ್ನೋ ಮೊಟಕು ರಿಸೆಪ್ಟರ್ ಮಾಡುತ್ತವೆ. ಅದಕ್ಕೆ ಹಾರ್ಮೋನೇ ಬೇಡ. ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಹಿಡಿತಕ್ಕೆ ಬರುತ್ತೆ ಅಂತ ಚಾರ್ಲ್ಸ್ ಹಗಿನ್ಸ್ ತೋರಿಸಿದ್ದು 1941ರಲ್ಲಿ. 1966ರಲ್ಲಿ ನೊಬೆಲ್ ಕೂಡ ಬಂತು. ಎಷ್ಟೋ ಜನರ ಆಯಸ್ಸು ಹೆಚ್ಚಿಸಿರೋ ಚಿಕಿತ್ಸೆ ಇದು. ಆದರೆ ಹರಡಿದ ಕಾಯಿಲೆಯಲ್ಲಿ ಹಿಡಿತವೇ ಬೇರೆ, ವಾಸಿಯೇ ಬೇರೆ.

ನನ್ನ ತಕರಾರು ಇಷ್ಟೇ. ಡಾಕ್ಟರು "ಕಂಟ್ರೋಲ್‌ನಲ್ಲಿದೆ" ಅಂದರು, ಮಾವನಿಗೆ "ವಾಸಿಯಾಯ್ತು" ಅಂತ ಕೇಳಿಸಿತು. "ಅಂಕಿ ಇಳಿದಿದೆ, ಔಷಧ ನಿಲ್ಲಿಸಬೇಡಿ" ಅಂತ ಒಂದೇ ಸಾಲು ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಸಾಕಿತ್ತು. ಔಷಧ ನಿಲ್ಲಿಸೋದನ್ನು ಡಾಕ್ಟರ್ ತೀರ್ಮಾನಿಸಬೇಕು, ರಿಪೋರ್ಟ್ ಅಲ್ಲ.

ಕ್ಯಾನ್ಸರ್ ಇಲ್ಲದವರಿಗೂ ಒಂದು ಮಾತು. ಪ್ರಾಸ್ಟೇಟ್ ದಪ್ಪವಾಗಿದೆ ಅಂತಲೋ, ಕೂದಲು ಉದುರುತ್ತೆ ಅಂತಲೋ ಫಿನಾಸ್ಟರೈಡ್ ನುಂಗುತ್ತಿದ್ದರೆ ಆರೆಂಟು ತಿಂಗಳಲ್ಲಿ ಪಿಎಸ್ಎ ಸುಮಾರು ಅರ್ಧಕ್ಕೆ ಇಳಿಯುತ್ತೆ. ಟೆಸ್ಟ್ ಮಾಡಿಸುವಾಗ ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ 5 ಆಗಬೇಕಾದ್ದು 2.5 ಅಂತ ಕಂಡು ಎಲ್ಲರೂ ನಿಶ್ಚಿಂತೆಯಾಗಿಬಿಡ್ತಾರೆ.

ಮಾವ ಕೊನೆಗೆ "ಸರಿ ಕಣೋ, ಮುಂದಿನ ಸಲ ನೀನೇ ಜೊತೆಗೆ ಬಾ" ಅಂದರು. ಹೋಗ್ತೀನಿ. ವೈದ್ಯಕೀಯ ಓದಿರೋ ಬ್ಲಾಗ್ ಮಿತ್ರರೇ, ನೀವೂ ಇದನ್ನೆಲ್ಲ ಕನ್ನಡದಲ್ಲಿ ಬರೀರಿ. ನಮ್ಮ ಮಾವಂದಿರು ಓದ್ತಾರೆ.