ಕಾಯಿಲೆಯ ಭತ್ಯೆಗೆ ಹಿಂದಿನ ವರ್ಷಗಳ ಲೆಕ್ಕ

ಮಗನನ್ನೋ ಮಗಳನ್ನೋ ಬ್ರಿಟನ್ನಿಗೆ ಓದಲು ಕಳುಹಿಸುವ ತಂದೆತಾಯಿ ಕಾಲೇಜಿನ ಶುಲ್ಕ, ಕೋಣೆಯ ಬಾಡಿಗೆ, ವಿಮಾನದ ಟಿಕೆಟ್ಟು, ಚಳಿಗೆ ಉಣ್ಣೆಯ ಕೋಟು ಎಲ್ಲದರ ಲೆಕ್ಕ ಹಾಕುತ್ತಾರೆ. ಆದರೆ ಓದು ಮುಗಿದು, ಕೆಲಸಕ್ಕೆ ಸೇರಿ, ಒಂದೆರಡು ವರ್ಷದಲ್ಲೇ ಹಾಸಿಗೆ ಹಿಡಿದರೆ ಬಾಡಿಗೆಗೆ, ಊಟಕ್ಕೆ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆ ಹೊರಡುವಾಗ ಯಾರಿಗೂ ಹೊಳೆಯುವುದಿಲ್ಲ. ‘ಅಲ್ಲಿ ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ’ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಅದು ಅರ್ಧ ಮಾತ್ರ ನಿಜ.

ಮೊದಲು ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಆಸ್ಪತ್ರೆಯ ಚಿಕಿತ್ಸೆ ಒಂದು, ಕಾಯಿಲೆಯ ದಿನಗಳ ಖರ್ಚಿಗೆ ಸಿಗುವ ಹಣ ಇನ್ನೊಂದು. ಚಿಕಿತ್ಸೆಯನ್ನು ರಾಷ್ಟ್ರೀಯ ಆರೋಗ್ಯ ಸೇವೆ ಕೊಡುತ್ತದೆ. ಅದಕ್ಕಾಗಿ ವಿದ್ಯಾರ್ಥಿಗಳು ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್ಚಾರ್ಜ್ ಕಟ್ಟಿರುತ್ತಾರೆ. 2024ರ ಫೆಬ್ರುವರಿಯಲ್ಲಿ ಅದನ್ನು ವರ್ಷಕ್ಕೆ 776 ಪೌಂಡಿಗೆ ಏರಿಸಲಾಯಿತು. ಇದನ್ನು ಕಟ್ಟಿದ್ದರಿಂದ ಕಾಯಿಲೆಯ ಭತ್ಯೆಗೆ ಹಕ್ಕು ಬರುತ್ತದೆಂದು ತಿಳಿಯುವುದು ತಪ್ಪು. ಆ ಹಕ್ಕು ಬರುವುದು ನ್ಯಾಷನಲ್ ಇನ್ಷೂರೆನ್ಸ್ ವಂತಿಗೆಯಿಂದ.

ಈ ವ್ಯವಸ್ಥೆಗೆ ಶತಮಾನ ದಾಟಿದೆ. ಲಾಯ್ಡ್ ಜಾರ್ಜ್ ಹಣಕಾಸು ಸಚಿವರಾಗಿದ್ದಾಗ 1911ರ ಕಾಯ್ದೆ ಬಂತು. ಕಾರ್ಮಿಕ ವಾರಕ್ಕೆ ನಾಲ್ಕು ಪೆನ್ನಿ, ಮಾಲೀಕ ಮೂರು, ಸರ್ಕಾರ ಎರಡು ಪೆನ್ನಿ ಹಾಕುವ ಏರ್ಪಾಡು ಅದು. ಬೆವರಿಜ್ ಅವರ 1942ರ ವರದಿಯ ಮೇಲೆ ಕಟ್ಟಿದ ಈಗಿನ ರೂಪ 1948ರ ಜುಲೈ 5ರಂದು ಜಾರಿಗೆ ಬಂತು. ತತ್ವ ಅಂದಿನಿಂದ ಬದಲಾಗಿಲ್ಲ: ದುಡಿಯುವಾಗ ಹಾಕಿದವನಿಗೆ ಮಲಗಿದಾಗ ಸಿಗುತ್ತದೆ. ಹಾಕದೆ ಬಿಟ್ಟ ಕಾಲವೇ ದಾಖಲೆಯಲ್ಲಿನ ‘ಖಾಲಿ ಜಾಗ’.

ಕೆಲಸದಲ್ಲಿರುವಾಗಲೇ ಕಾಯಿಲೆ ಬಂದರೆ ಮೊದಲು ಮಾಲೀಕನೇ ಶಾಸನಬದ್ಧ ಕಾಯಿಲೆ ವೇತನವನ್ನು ಹೆಚ್ಚೆಂದರೆ 28 ವಾರ ಕೊಡುತ್ತಾನೆ. ಇದಕ್ಕೆ ಹಿಂದಿನ ವರ್ಷಗಳ ವಂತಿಗೆಯ ದಾಖಲೆ ಬೇಕಿಲ್ಲ. ಅದು ಮುಗಿದ ಮೇಲೆ, ಅಥವಾ ಕೆಲಸವೇ ಇಲ್ಲದಾಗ, ಕೇಳಬೇಕಾದದ್ದು ‘ನ್ಯೂ ಸ್ಟೈಲ್ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋಯೆನ್ಸ್’, ಚಿಕ್ಕದಾಗಿ ಇಎಸ್ಎ. 2025-26ರಲ್ಲಿ ಮೊದಲ ಹಂತದ ದರ 25 ವರ್ಷದೊಳಗಿನವರಿಗೆ ವಾರಕ್ಕೆ 72.90 ಪೌಂಡ್, ಮೇಲ್ಪಟ್ಟವರಿಗೆ 92.05 ಪೌಂಡ್ ಇತ್ತು. ದೊಡ್ಡ ಮೊತ್ತವಲ್ಲ. ಆದರೆ ವೀಸಾದ ಮೇಲೆ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತಿರುವ ನಮ್ಮ ಮಕ್ಕಳಿಗೆ ಬಡತನ ನೋಡಿ ಕೊಡುವ ಯೂನಿವರ್ಸಲ್ ಕ್ರೆಡಿಟ್ ಸಿಗದು. ವಂತಿಗೆಯಿಂದ ಬರುವ ಇಎಸ್ಎ ಮಾತ್ರ ಆ ನಿಧಿಗಳ ಪಟ್ಟಿಯಲ್ಲಿಲ್ಲ. ಇದಕ್ಕೆ ಮನೆಯವರ ಆದಾಯವನ್ನಾಗಲಿ ಉಳಿತಾಯವನ್ನಾಗಲಿ ನೋಡುವುದಿಲ್ಲ. ನೋಡುವುದು ದಾಖಲೆಯನ್ನು.

ಯಾವ ದಾಖಲೆ? ಗಂಟಿರುವುದು ಇಲ್ಲೇ. ಕಾಯಿಲೆ ಬಿದ್ದ ವರ್ಷದ್ದಲ್ಲ, ಒಟ್ಟು ಎಷ್ಟು ವರ್ಷ ಕಟ್ಟಿದ್ದೀರಿ ಎಂಬುದೂ ಅಲ್ಲ. ಭತ್ಯೆಯ ವರ್ಷ ಜನವರಿಯ ಮೊದಲ ಭಾನುವಾರ ಆರಂಭವಾಗುತ್ತದೆ. ಅದಕ್ಕೆ ಮುಂಚೆ ಪೂರ್ತಿಯಾದ ಎರಡು ತೆರಿಗೆ ವರ್ಷಗಳನ್ನು ಮಾತ್ರ ನೋಡುತ್ತಾರೆ. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮರುವರ್ಷದ ಏಪ್ರಿಲ್ 5ರವರೆಗೆ. ಷರತ್ತು ಎರಡು. ಒಂದು: ಆ ಎರಡರಲ್ಲಿ ಯಾವುದಾದರೂ ಒಂದು ವರ್ಷದಲ್ಲಿ ಕನಿಷ್ಠ 26 ವಾರ, ನಿಗದಿಯಾದ ಗಳಿಕೆಯ ಮಿತಿಗೆ ಕಡಿಮೆ ಇಲ್ಲದಂತೆ ದುಡಿದಿರಬೇಕು. ಎರಡು: ಎರಡೂ ವರ್ಷಗಳಲ್ಲಿ ಪ್ರತ್ಯೇಕವಾಗಿ, ಆ ಮಿತಿಯ 50 ಪಟ್ಟಿನಷ್ಟು ಗಳಿಕೆ ದಾಖಲಾಗಿರಬೇಕು, ಇಲ್ಲವೇ ಸರ್ಕಾರ ಕೊಡುವ ಕ್ರೆಡಿಟ್ಟಿನಿಂದ ತುಂಬಿರಬೇಕು. ಈ ಮಿತಿ 2023-24 ಮತ್ತು 2024-25ರಲ್ಲಿ ವಾರಕ್ಕೆ 123 ಪೌಂಡ್ ಇತ್ತು, 2025-26ರಲ್ಲಿ 125.

ಉದಾಹರಣೆ ನೋಡೋಣ. ಅಲ್ಲೇ ನೆಲೆಸಿದ ಕನ್ನಡ ಕುಟುಂಬದ ಹುಡುಗಿಯೊಬ್ಬಳು ಓದು ಮುಗಿಸಿ 2024ರ ಜನವರಿಯಲ್ಲಿ ವಾರಕ್ಕೆ 500 ಪೌಂಡಿನ ಕೆಲಸಕ್ಕೆ ಸೇರಿದಳು ಎಂದಿಟ್ಟುಕೊಳ್ಳಿ. ಅದಕ್ಕೆ ಮುಂಚೆ ದುಡಿದಿರಲಿಲ್ಲ. 2025ರ ನವೆಂಬರಿನಲ್ಲಿ ಒಪ್ಪಂದ ಮುಗಿಯಿತು, ಡಿಸೆಂಬರಿನಲ್ಲಿ ಕಾಯಿಲೆ ಬಿದ್ದಳು. ಸುಮಾರು ಎರಡು ವರ್ಷ ಬಿಡದೆ ವಂತಿಗೆ ಕಟ್ಟಿದ್ದರೂ ಡಿಸೆಂಬರಿನ ಅರ್ಜಿ ನಿಲ್ಲುವುದಿಲ್ಲ. ಏಕೆಂದರೆ ಆಗ ನೋಡುವುದು 2022-23 ಮತ್ತು 2023-24. ಮೊದಲನೆಯದರಲ್ಲಿ ಏನೂ ಇಲ್ಲ, ಎರಡನೆಯದರಲ್ಲಿ ಬರೀ 13 ವಾರ. 26 ವಾರ ಎಲ್ಲೂ ಆಗಲಿಲ್ಲ. ಆದರೆ 2026ರ ಜನವರಿ 4ರಂದು ಭತ್ಯೆಯ ವರ್ಷ ಮಗುಚಿತು. ಈಗ ನೋಡುವುದು 2023-24 ಮತ್ತು 2024-25. ಎರಡನೆಯದು ಪೂರ್ತಿ ದುಡಿದ ವರ್ಷ. ಮೊದಲನೆಯದರಲ್ಲಿ 13 ವಾರಕ್ಕೆ 6,500 ಪೌಂಡ್ ಗಳಿಕೆಯಿದೆ, ಬೇಕಿದ್ದದ್ದು 50 ಪಟ್ಟು, ಅಂದರೆ 6,150. ಎರಡೂ ಷರತ್ತು ತುಂಬಿದವು. ಅದೇ ಹುಡುಗಿ, ಅದೇ ಕಾಯಿಲೆ, ಬದಲಾದದ್ದು ಕ್ಯಾಲೆಂಡರು ಮಾತ್ರ! ಆದ್ದರಿಂದ ಒಮ್ಮೆ ‘ಇಲ್ಲ’ ಎಂದ ಮಾತ್ರಕ್ಕೆ ಕೈಬಿಡಬಾರದು. ಜನವರಿ ಬಂದ ಮೇಲೆ ಮತ್ತೆ ಲೆಕ್ಕ ನೋಡಿ ಅರ್ಜಿ ಹಾಕಬೇಕು. ಹಣ ಸಿಗದಿದ್ದಾಗಲೂ ಕಾಯಿಲೆಯ ವಾರಗಳಿಗೆ ಕ್ರೆಡಿಟ್ಟನ್ನು ಕೇಳಬಹುದು. ಕೇಳದಿದ್ದರೆ ಈ ವಾರಗಳೇ ಮುಂದೊಮ್ಮೆ ಖಾಲಿ ಜಾಗವಾಗಿ ಕಾಡುತ್ತವೆ.

ಓದುವಾಗಲೇ ದಾಖಲೆ ಕಟ್ಟಬಹುದೆ? ಕಟ್ಟಬಹುದು. ಪದವಿ ಮಟ್ಟದ ವಿದ್ಯಾರ್ಥಿ ವೀಸಾದಲ್ಲಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಸಾಮಾನ್ಯವಾಗಿ ಅವಕಾಶವಿದೆ. 2025-26ರಲ್ಲಿ 21 ದಾಟಿದವರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಇತ್ತು. ಒಂದೇ ಅಂಗಡಿಯಲ್ಲಿ 11 ಗಂಟೆ ದುಡಿದರೆ 134 ಪೌಂಡ್, ಮಿತಿ ದಾಟಿತು. ವಿಶೇಷವೆಂದರೆ ಆ ವರ್ಷ 125ರಿಂದ 242 ಪೌಂಡಿನವರೆಗಿನ ವಾರದ ಗಳಿಕೆಗೆ ನೌಕರನ ಕೈಯಿಂದ ಒಂದು ಪೆನ್ನಿಯನ್ನೂ ಕಡಿಯದೆ, ಕಟ್ಟಿದಂತೆಯೇ ದಾಖಲಿಸುವ ನಿಯಮವಿತ್ತು. ಆದರೆ ಎರಡು ಬೇರೆ ಬೇರೆ ಅಂಗಡಿಗಳಲ್ಲಿ ಎಂಟೆಂಟು ಗಂಟೆ ದುಡಿದರೆ? ಒಟ್ಟು 16 ಗಂಟೆ, ಸಂಪಾದನೆಯೂ ಹೆಚ್ಚು. ಆದರೂ ಒಂದೊಂದರಲ್ಲೂ 98 ಪೌಂಡಿಗಿಂತ ಕಡಿಮೆ, ದಾಖಲೆ ಸೊನ್ನೆ. ಮಾಲೀಕರು ಬೇರೆಯಾದರೆ ಲೆಕ್ಕವೂ ಬೇರೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ನಡೆಯದು.

21 ತುಂಬುವ ಮೊದಲು ಆರಂಭಿಸಿದ ಪೂರ್ಣಾವಧಿ ಕೋರ್ಸನ್ನು ಮುಗಿಸಿದವರಿಗೆ ಓದಿನ ಒಂದು ವರ್ಷಕ್ಕೆ ಕ್ರೆಡಿಟ್ ಕೊಡುವ ನಿಯಮವೂ ಇದೆ. ಅದು ನೆರವಾಗುವುದು ಎರಡನೆಯ ಷರತ್ತಿಗೆ ಮಾತ್ರ. ಮೊದಲನೆಯದನ್ನು ದುಡಿಮೆಯೇ ತುಂಬಬೇಕು.

ಇನ್ನೊಂದು ಎಚ್ಚರಿಕೆ. ಖಾಲಿ ವರ್ಷಗಳಿಗೆ ಆಮೇಲೆ ಹಣ ಕಟ್ಟಿ ತುಂಬಬಹುದೆಂದು ಕೇಳಿರುತ್ತೀರಿ. ನಿಜ, ಸಾಮಾನ್ಯವಾಗಿ ಹಿಂದಿನ ಆರು ವರ್ಷಗಳವರೆಗೆ ಸ್ವಇಚ್ಛೆಯ ಮೂರನೇ ದರ್ಜೆಯ ವಂತಿಗೆ ಕಟ್ಟಬಹುದು. ಆದರೆ ಅದು ವೃದ್ಧಾಪ್ಯದ ಪಿಂಚಣಿಗೆ ಉಪಯೋಗವೇ ಹೊರತು ಇಎಸ್ಎಗೆ ಅಲ್ಲ. ಕಾಯಿಲೆ ಬಿದ್ದ ಮೇಲೆ ಸಾಲ ಮಾಡಿ ಅದನ್ನು ಕಟ್ಟಿದರೆ ಹಣವೂ ಹೋಯಿತು, ಭತ್ಯೆಯೂ ಇಲ್ಲ. ಸ್ವಂತ ಉದ್ಯೋಗದವರ ಎರಡನೇ ದರ್ಜೆಯ ವಂತಿಗೆ ಮಾತ್ರ ಇಎಸ್ಎಗೆ ಸಲ್ಲುತ್ತದೆ. ವಿದ್ಯಾರ್ಥಿ ವೀಸಾದವರಿಗೆ ಸ್ವಂತ ಉದ್ಯೋಗವೇ ನಿಷಿದ್ಧವಾದ್ದರಿಂದ ಅವರಿಗೆ ಆ ದಾರಿಯಿಲ್ಲ.

ಈ ನಿಯಮ ವಿಚಿತ್ರವೆನಿಸಿದರೆ ನಮ್ಮ ಇಎಸ್‌ಐಯನ್ನು ನೆನೆಯಿರಿ. ಕಾರ್ಖಾನೆಯಲ್ಲಿ ದುಡಿದ ತಂದೆತಾಯಿಗಳಿಗೆ ಅದು ಹೊಸತಲ್ಲ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಅವಧಿಯಲ್ಲಿ 78 ದಿನದ ವಂತಿಗೆಯಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಭತ್ಯೆ ಎಂಬುದು ಅಲ್ಲಿನ ಲೆಕ್ಕ. ಅದೂ 1948ರ ಕಾಯ್ದೆಯಿಂದಲೇ ಬಂದದ್ದು. ಎರಡು ಕಡೆಯೂ ಇಂದಿನ ರಕ್ಷಣೆ ನಿಂತಿರುವುದು ನಿನ್ನೆಯ ದುಡಿಮೆಯ ಮೇಲೆ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಹಿಂದಿರುಗಿ ನೋಡುವುದು ತಿಂಗಳುಗಳನ್ನು, ಅಲ್ಲಿ ವರ್ಷಗಳನ್ನು.

ಹಾಗಾದರೆ ಮಾಡಬೇಕಾದದ್ದೇನು? ಕೆಲಸ ಹುಡುಕಲು ಆರಂಭಿಸಿದಾಗಲೇ ನ್ಯಾಷನಲ್ ಇನ್ಷೂರೆನ್ಸ್ ಸಂಖ್ಯೆ ಪಡೆಯಿರಿ. ಪ್ರತಿ ಸಂಬಳದ ಚೀಟಿಯನ್ನೂ, ವರ್ಷದ ಕೊನೆಗೆ ಮಾಲೀಕ ಕೊಡುವ ಪಿ-60 ಪತ್ರವನ್ನೂ ಜೋಪಾನವಾಗಿಡಿ. ತೆರಿಗೆ ಇಲಾಖೆಯ ಖಾತೆಯಲ್ಲಿ ನಿಮ್ಮ ದಾಖಲೆಯನ್ನು ವರ್ಷಕ್ಕೊಮ್ಮೆ ತೆರೆದು ನೋಡಿ. ಸಂಬಳದಿಂದ ಕಡಿದ ಹಣ ಅಲ್ಲಿ ಕಾಣದಿದ್ದರೆ ತಕ್ಷಣ ಕೇಳಿ, ಚೀಟಿಯೇ ನಿಮ್ಮ ಸಾಕ್ಷಿ. ಎರಡು ಚಿಕ್ಕ ಕೆಲಸಗಳ ಬದಲು ಒಂದೇ ಕಡೆ ಹೆಚ್ಚು ಗಂಟೆ ಸಿಗುವಂತಿದ್ದರೆ ಅದನ್ನೇ ಹಿಡಿಯಿರಿ. ಗಳಿಕೆಯ ಮಿತಿ, ದರಗಳು ಏಪ್ರಿಲ್‌ನಲ್ಲಿ ಬದಲಾಗುವುದರಿಂದ ಆಯಾ ವರ್ಷದ ಅಂಕಿಯನ್ನು ನೋಡಿಕೊಳ್ಳಿ.

ತಂದೆತಾಯಿಗಳೂ ಫೋನಿನಲ್ಲಿ ‘ಊಟ ಆಯಿತೆ’ ಎಂದು ಕೇಳುವ ಜೊತೆಗೆ ‘ಈ ವರ್ಷದ ದಾಖಲೆ ನೋಡಿದೆಯಾ’ ಎಂದೂ ಒಮ್ಮೆ ಕೇಳಲಿ. ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಗುವುದಿಲ್ಲ. ಈ ಬಾವಿಯನ್ನಂತೂ ಎರಡು ವರ್ಷ ಮೊದಲೇ ತೋಡಿಟ್ಟಿರಬೇಕು.